ಮೂರನೇ ಉಪ್ಪಿಟ್ಟು ಆಗದಿರಲಿ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸೇವೆಗೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಒಂದು ರವಿವಾರ ಬೆಳಿಗ್ಗೆ ನಾವು ನಾಲ್ಕು ಜನ ಗೆಳೆಯರು 80 ಪೊಟ್ಟಣ ಉಪ್ಪಿಟ್ಟು ಕಟ್ಟಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮುಂದೆ ಹೋಗಿ ನಿಂತೆವು. ನಸುಕಿನ ನಾಲ್ಕಕ್ಕೇ ಎದ್ದು ರವೆ ಹುರಿದಿದ್ದೆವು. ಗೇಟಿನ ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದ ಅಜ್ಜಿಯೊಬ್ಬರಿಗೆ ಮೊದಲ ಪೊಟ್ಟಣ ಚಾಚಿದೆ. ಅವರು ನಕ್ಕು ಪಕ್ಕದ ಚೀಲ ತೋರಿಸಿದರು. ಅದರಲ್ಲಿ ಆಗಲೇ ಎರಡು ಪೊಟ್ಟಣ ಇದ್ದವು.

"ಇದು ಮೂರನೇದ ತಮ್ಮಾ. ಹೊಟ್ಟಿ ಇರೂದು ಒಂದ. ಅದಿರ್ಲಿ, ಈ ಚೀಟ್ಯಾಗ ಏನ್ ಬರದಾರ ಓದಿ ಹೇಳ್ತಿಯೇನು?"

ಚೀಟಿಯಲ್ಲಿ ಇದ್ದದ್ದು ರಕ್ತ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕಿತ್ತು, ಒಳಗೆ ಮಲಗಿದ್ದ ಅವರ ಮಗನಿಗೆ. ಮಗನಿಗೆ ಮೊದಲನೇ ಪೊಟ್ಟಣದ ಉಪ್ಪಿಟ್ಟು ತಿನ್ನಿಸಿ ಆಗಿತ್ತು.

ಅವತ್ತು ನಮ್ಮ 80ರಲ್ಲಿ 50 ಪೊಟ್ಟಣ ಮನೆಗೆ ವಾಪಸ್ ಬಂದವು. ಎರಡು ದಿನ ನಾವೇ ತಿಂದೆವು. ಆಮೇಲೆ ಸುಮಾರು ವರ್ಷ ಅಲ್ಲಿ ಇಲ್ಲಿ ಓಡಾಡಿ, ತಪ್ಪು ಮಾಡಿ, ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. "ನಾನೂ ಏನಾದರೂ ಮಾಡಬೇಕು, ಆದರೆ ಎಲ್ಲಿಂದ ಶುರು ಮಾಡಲಿ?" ಎನ್ನುವವರಿಗೆ ಇದು.

ಹೆಜ್ಜೆ 1: ನಿಮ್ಮ ಹತ್ತಿರ ಏನಿದೆ, ಲೆಕ್ಕ ಹಾಕಿ

ಬಹಳ ಮಂದಿ ಹಣದಿಂದ ಶುರು ಮಾಡುತ್ತಾರೆ. ನೀವು ತಾಸಿನಿಂದ ಶುರು ಮಾಡಿ. ವಾರಕ್ಕೆ ಎಷ್ಟು ತಾಸು ಖರೇ ಕೊಡಬಲ್ಲಿರಿ? ಮನಸ್ಸಿಗೆ ನಾಲ್ಕು ಅಂತ ಬಂದರೆ ಎರಡು ಅಂತ ಬರೆದುಕೊಳ್ಳಿ. ಮದುವೆ, ಜಾತ್ರೆ, ಮಕ್ಕಳ ಪರೀಕ್ಷೆ, ಜ್ವರ ಎಲ್ಲ ಕಳೆದರೆ ಉಳಿಯುವುದು ಅಷ್ಟೇ. ಜೊತೆಗೆ ನಿಮಗೆ ಬರುವ ಕೆಲಸ ಬರೆಯಿರಿ: ಗಾಡಿ ಓಡಿಸುವುದು, ಅರ್ಜಿ ತುಂಬುವುದು, ಹೊಲಿಗೆ, ವೈರಿಂಗ್, ಗಣಿತ, ಲೆಕ್ಕಪತ್ರ. "ನನಗೇನು ಬರಲ್ಲ" ಎನ್ನುತ್ತಿದ್ದ ನಮ್ಮ ಗೆಳೆಯನೊಬ್ಬ ಹೊಲಿಗೆ ಮಶಿನ್ ರಿಪೇರಿ ಮಾಡುತ್ತಾನೆ. ಈಗ ನಮ್ಮೆಲ್ಲರಿಗಿಂತ ಅವನಿಗೇ ಬೇಡಿಕೆ ಜಾಸ್ತಿ.

ಹೆಜ್ಜೆ 2: ಕೈ ಬೀಸಿಕೊಂಡು ಹೋಗಿ, ಕೇಳಿ

ಮೊದಲ ಸಲ ಏನನ್ನೂ ಒಯ್ಯಬೇಡಿ. ಸುಮ್ನೆ ಹೋಗಿ. ಶಾಲೆ, ಆಶ್ರಮ, ಆಸ್ಪತ್ರೆ, ಎಲ್ಲೇ ಆಗಲಿ ಮೂರು ಪ್ರಶ್ನೆ ಕೇಳಿ. ನಿಮಗೆ ಏನು ಜಾಸ್ತಿ ಬರುತ್ತಿದೆ? ಏನು ಬರುತ್ತಲೇ ಇಲ್ಲ? ಯಾವ ದಿನ ಯಾರೂ ಬರುವುದಿಲ್ಲ?

ಮೂರನೇ ಪ್ರಶ್ನೆಗೆ ಸಿಗುವ ಉತ್ತರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ರವಿವಾರ, ಹಬ್ಬ, ರಾಜಕಾರಣಿಗಳ ಹುಟ್ಟುಹಬ್ಬದ ದಿನ ನೂಕುನುಗ್ಗಲು. ಮಂಗಳವಾರ ಮಧ್ಯಾಹ್ನ ಒಂದು ನರಪಿಳ್ಳೆಯೂ ಇರುವುದಿಲ್ಲ. ಒಂದು ವೃದ್ಧಾಶ್ರಮದಲ್ಲಿ ಅಡುಗೆಯವರು ಹೇಳಿದ್ದು: "ಸರ್ರ, ಬರ್ತ್‌ಡೇ ಕೇಕ್ ತಿಂದ್ ತಿಂದ್ ಅಜ್ಜಾರ ಶುಗರ್ ಏರೇತ್ರಿ. ಉಗುರು ತೆಗಿಯಾಕ ಯಾರಾರ ಬಂದ್ರ ಬಾಳ ಉಪಕಾರ ಆಕ್ಕೈತಿ."

ಹಿರಿಯ ಅಧಿಕಾರಿಯನ್ನು ಭೇಟಿ ಆಗುವುದು ಸರಿ, ಅನುಮತಿ ಅವರೇ ಕೊಡಬೇಕು. ಆದರೆ ಖರೇ ಪರಿಸ್ಥಿತಿ ಗೊತ್ತಿರುವುದು ವಾಚ್‌ಮನ್‌ಗೆ, ಅಡುಗೆಯವರಿಗೆ, ಆಯಾಗೆ. ಅವರ ಜೊತೆ ಕೂತು ಒಂದು ಚಹಾ ಕುಡಿಯಿರಿ.

ಹೆಜ್ಜೆ 3: ಜಾಗ ಆರಿಸಿಕೊಳ್ಳಿ

ನಮ್ಮ ಭಾಗದಲ್ಲಿ ಕೊಡುವುದು ಹೊಸದಲ್ಲ. ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ದಿನವೂ ದಾಸೋಹ ನಡೆಯುತ್ತದೆ. ಗದಗ ಜಿಲ್ಲೆಯ ಡಂಬಳದಲ್ಲಿ ರೊಟ್ಟಿ ಜಾತ್ರೆಯೇ ಇದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರೈತ ಸಾಹುಕಾರನ ಬಡ್ಡಿಗೆ ಬೀಳದಿರಲಿ ಅಂತ ಊರವರೇ ದುಡ್ಡು ಕೂಡಿಸಿದ್ದು ಅದು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಎಂದು ಅದನ್ನು ಕರೆಯುತ್ತಾರೆ. ನನ್ನ ಕೇಳಿದರೆ ನಮ್ಮ ಕಡೆಯ ದೊಡ್ಡ ದಾನಗಳಲ್ಲಿ ಅದೂ ಒಂದು, ಅದಕ್ಕೆ ದಾನ ಅಂತ ಯಾರೂ ಅನ್ನದಿದ್ದರೂ.

ಶುರು ಮಾಡುವವರಿಗೆ ಮಠದ ದಾಸೋಹ ಒಳ್ಳೆಯ ಜಾಗ. ತರಕಾರಿ ಹೆಚ್ಚುವುದು, ಬಡಿಸುವುದು, ತಟ್ಟೆ ತೊಳೆಯುವುದು. ಬಡಿಸಲು ಎಲ್ಲರೂ ಮುಂದೆ ಬರುತ್ತಾರೆ, ಪಾತ್ರೆ ತಿಕ್ಕಲು ಬರುವವರು ಕಡಿಮೆ. ಅಲ್ಲಿ ನಿಂತುಕೊಳ್ಳಿ. ನಿಮ್ಮ ಅಹಂಕಾರ ಎಷ್ಟಿದೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ನನ್ನದು ಗೊತ್ತಾಯಿತು.

ಕೆರೆ ಸ್ವಚ್ಛತೆ ಮಾಡಬೇಕೆನ್ನುವವರಿಗೆ ಉಣಕಲ್, ಕೆಲಗೇರಿ, ಸಾಧನಕೇರಿ ಇವೆ. ಒಂದೇ ಮಾತು: ಎತ್ತಿದ ಕಸ ಎಲ್ಲಿ ಹೋಗುತ್ತದೆ ಎನ್ನುವುದನ್ನು ಮೊದಲು ಪಾಲಿಕೆಯವರ ಜೊತೆ ಮಾತಾಡಿ, ಗಾಡಿ ಬರುವ ವೇಳೆ ಗಟ್ಟಿ ಮಾಡಿಕೊಳ್ಳಿ. ದಂಡೆಯಲ್ಲಿ ಚೀಲ ಕಟ್ಟಿಟ್ಟು ಫೋಟೋ ತೆಗೆದು ಹೋದರೆ, ಸಂಜೆಯೊಳಗೆ ನಾಯಿಗಳು ಎಲ್ಲ ಚೀಲ ಬಿಚ್ಚಿರುತ್ತವೆ. ಗ್ಲೌಸ್, ಬೂಟು ಇಲ್ಲದೆ ಇಳಿಯಬೇಡಿ. ಗಾಜು ಇರುತ್ತದೆ.

ಹೆಜ್ಜೆ 4: ಶಾಲೆಗೆ ಹೋಗುವುದಾದರೆ

ಸರ್ಕಾರಿ ಶಾಲೆಗೆ ನೋಟ್‌ಬುಕ್ ಕೊಡುವವರು ಜೂನ್‌ನಲ್ಲಿ ಸಾಲುಗಟ್ಟುತ್ತಾರೆ. ಡಿಸೆಂಬರ್ ಹೊತ್ತಿಗೆ ಆ ನೋಟ್‌ಬುಕ್ ತುಂಬಿರುತ್ತವೆ, ಆಗ ಯಾರೂ ಇಲ್ಲ. ಕೊಡುವುದಾದರೆ ಅರ್ಧ ಜೂನ್‌ಗೆ, ಅರ್ಧ ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಆದರೆ ಎರಡು ತಾಸು ಇದ್ದವರು ಓದಿಸುವ ಕೆಲಸ ಹಿಡಿಯಿರಿ. ಹೆಡ್‌ಮಾಸ್ಟರ್ ಹತ್ತಿರ ಲಿಖಿತ ಅನುಮತಿ ತೆಗೆದುಕೊಳ್ಳಿ, ಶಾಲೆ ನೋಡಿಕೊಳ್ಳುವ ಪಾಲಕರ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಒಂದು ಮಾತು ಹೇಳಿ. ತರಗತಿಯ ಒಳಗೋ, ಬಾಗಿಲು ತೆರೆದ ಪಡಸಾಲೆಯಲ್ಲೋ ಕೂಡ್ರಿ. ಮಗುವಿನ ಜೊತೆ ಒಬ್ಬರೇ ಬೇರೆ ಕೋಣೆಯಲ್ಲಿ ಕೂಡುವುದು ಬೇಡವೇ ಬೇಡ. ಇದು ಮಗುವಿಗೂ ನಿಮಗೂ ಒಳ್ಳೆಯದು.

ಹತ್ತು ಮಕ್ಕಳನ್ನು ಹಿಡಿಯಬೇಡಿ, ಮೂರು ಸಾಕು. ನನ್ನ ಹತ್ತಿರ ನಾಲ್ಕನೇ ತರಗತಿಯ ಹುಡುಗಿ ಇದ್ದಳು. ಗಟ್ಟಿ ದನಿ, ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದಳು. "ಕತೆ ಹೊಲದಲ್ಲಿ ಮೇಯುತ್ತಿತ್ತು" ಅಂತ ಓದಿದಳು. ಪುಸ್ತಕದಲ್ಲಿದ್ದದ್ದು ಕತ್ತೆ. ಮುಂದಿನ ಸಾಲಿನ ಬೆಕ್ಕು ಬೆಕು ಆಯಿತು. ಆಗ ಹೊಳೆಯಿತು, ಈ ಮಗುವಿಗೆ ಒತ್ತಕ್ಷರ ಕಾಣುತ್ತಲೇ ಇಲ್ಲ. ಸಾಲಿನ ಕೆಳಗೆ ಕೂತ ಆ ಸಣ್ಣ ಗುರುತು ಅವಳ ಮಟ್ಟಿಗೆ ಚಿತ್ತಾರ ಇದ್ದ ಹಾಗೆ. ಕೇಳಿ ಕಲಿತ ಪಾಠಗಳನ್ನು ಬಾಯಿಪಾಠ ಒಪ್ಪಿಸುತ್ತಾ ನಾಲ್ಕನೇ ತರಗತಿವರೆಗೆ ಬಂದಿದ್ದಳು.

ನಾವು ಮಾಡಿದ್ದು ಇಷ್ಟು. ಜೋಡಿ ಚೀಟಿ ಬರೆದೆವು: ಕತೆ-ಕತ್ತೆ, ಹಳಿ-ಹಳ್ಳಿ, ಮನೆ-ಮನ್ನೆ, ಅಕಿ-ಅಕ್ಕಿ. ಕೆಲವಕ್ಕೆ ಅರ್ಥ ಇಲ್ಲ, ಅದರಿಂದಲೇ ನಗು ಬರುತ್ತದೆ. ಒಂದನ್ನು ಓದಿ, ಚೀಟಿ ಹುಡುಕಲು ಹೇಳುವುದು. ಒತ್ತನ್ನು ಕೆಂಪು ಪೆನ್ನಿನಲ್ಲಿ ಬರೆಯುವುದು, ಮೂರು ವಾರದ ನಂತರ ಕೆಂಪು ತೆಗೆಯುವುದು. ಐದನೇ ವಾರ ಅವಳೇ ಪಕ್ಕದ ಹುಡುಗನಿಗೆ ಹೇಳಿದಳು: "ಏ, ಕೆಳಗ ನೋಡ್ಲೇ, ಕತ್ತೆ ಐತಿ ಅಲ್ಲಿ!"

ಹೆಜ್ಜೆ 5: ಕಾಣದವರಿಗೆ ಕಣ್ಣಾಗಿ ಓದುವುದು

ಗದಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ನಮ್ಮ ಕಡೆ ಗೊತ್ತಿಲ್ಲದವರು ಇಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಕೊಡುವ ಆ ಮನೆಯನ್ನು ನಡೆಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಊರೂರಲ್ಲಿ ಭಕ್ತರು ಪುಟ್ಟರಾಜರ ತುಲಾಭಾರ ಮಾಡಿದಾಗ ಬಂದ ಹಣವೂ ಆಶ್ರಮಕ್ಕೇ ಹೋಯಿತು. 2010ರಲ್ಲಿ ಅವರು ತೀರಿಕೊಂಡರು, ದಾಸೋಹ ನಿಂತಿಲ್ಲ.

ಅಂಧ ವಿದ್ಯಾರ್ಥಿಗಳಿಗೆ, ಯಾವ ಊರಿನವರೇ ಇರಲಿ, ನಿಮ್ಮ ದನಿ ಬಹಳ ಉಪಯೋಗಕ್ಕೆ ಬರುತ್ತದೆ. ಪದವಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬಯಸುವ ಪುಸ್ತಕಗಳೆಲ್ಲ ಬ್ರೈಲ್‌ನಲ್ಲಿ ಸಿಗುವುದಿಲ್ಲ. ಮೊಬೈಲಿನಲ್ಲೇ ರೆಕಾರ್ಡ್ ಮಾಡಬಹುದು. ರೀತಿ ಹೀಗೆ. ನಸುಕಿನಲ್ಲಿ ಮಾಡಿ, ಫ್ಯಾನ್ ಬಂದ್ ಮಾಡಿ, ಕುಕ್ಕರ್ ಸೀಟಿ ಬರದ ಕೋಣೆ ಇರಲಿ. ಶುರುವಿನಲ್ಲಿ ಪುಸ್ತಕ, ಅಧ್ಯಾಯ, ಪುಟ ಹೇಳಿ. ಪುಟ ತಿರುವಿದಾಗಲೆಲ್ಲ ಪುಟದ ಸಂಖ್ಯೆ ಹೇಳಿ. ಒಂದು ಫೈಲ್ ಹದಿನೈದು ನಿಮಿಷ ದಾಟದಿರಲಿ, ಉದ್ದ ಆದರೆ ಬೇಕಾದ ಜಾಗ ಹುಡುಕಲು ಆಗುವುದಿಲ್ಲ. ಕೋಷ್ಟಕ ಬಂದರೆ ಮೊದಲು ಎಷ್ಟು ಸಾಲು, ಎಷ್ಟು ಕಂಬ ಅಂತ ಹೇಳಿ, ಆಮೇಲೆ ಸಾಲಾಗಿ ಓದಿ. ಚಿತ್ರ ಇದ್ದರೆ ಏನು ಕಾಣುತ್ತಿದೆ ಅಷ್ಟೇ ಹೇಳಿ. ಭಾವ ತುಂಬಿ ನಾಟಕ ಮಾಡಬೇಡಿ. ನಾನು ಮೊದಲು ಕಳಿಸಿದ ಇತಿಹಾಸದ ಪಾಠ ಕೇಳಿ ಒಬ್ಬ ಹುಡುಗ ಹೇಳಿದ್ದು: "ಸರ್, ಟಿಪ್ಪು ಸತ್ತಾಗ ನೀವು ಅತ್ತಂಗಾತು. ಇಸವಿ ಕೇಳಸಲಿಲ್ಲ."

ಪರೀಕ್ಷೆ ಬರೆದುಕೊಡುವುದು ಬೇರೆ ಕೆಲಸ. ಯಾರು ಬರೆಯಬಹುದು ಎಂಬ ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ, ಸಂಸ್ಥೆಯವರನ್ನು ಕೇಳಿಯೇ ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ. ಅವರು ಹೇಳಿದ್ದನ್ನೇ ಬರೆಯಿರಿ, ತಪ್ಪು ಅಂತ ನಿಮಗೆ ಗೊತ್ತಿದ್ದರೂ.

ಹೆಜ್ಜೆ 6: ರಕ್ತ ಕೊಡುವುದು

ಇಲ್ಲಿ ಮಾತು ಕಡಿಮೆ, ಅಂಕಿ ಜಾಸ್ತಿ. ವಯಸ್ಸು 18ರಿಂದ 65. ತೂಕ ಕನಿಷ್ಠ 45 ಕಿಲೋ. ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ತೆಗೆಯುವುದು 350 ಅಥವಾ 450 ಮಿಲಿ. ಹಚ್ಚೆ ಹಾಕಿಸಿಕೊಂಡಿದ್ದರೆ ವರ್ಷ ಕಾಯಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಉಪವಾಸದ ದಿನ ಕೊಟ್ಟರೆ ಪುಣ್ಯ ಜಾಸ್ತಿ ಅಂತ ಬಂದು, ಕುರ್ಚಿಯಲ್ಲೇ ತಲೆ ತಿರುಗಿ ಬಿದ್ದವರನ್ನು ನೋಡಿದ್ದೇನೆ.

ಒಂದು ಗುಟ್ಟು ಹೇಳುತ್ತೇನೆ. ದೊಡ್ಡ ಶಿಬಿರದ ದಿನ 200 ಮಂದಿ ಒಮ್ಮೆಲೇ ಕೊಡುವುದಕ್ಕಿಂತ, ವರ್ಷಪೂರ್ತಿ ವಾರಕ್ಕೆ ನಾಲ್ಕು ಮಂದಿ ಕೊಡುವುದು ಮೇಲು. ಕೆಂಪು ರಕ್ತಕಣ ಇಡಬಹುದಾದದ್ದು 35ರಿಂದ 42 ದಿನ. ಪ್ಲೇಟ್‌ಲೆಟ್ ಬರೀ 5 ದಿನ. ಏಪ್ರಿಲ್-ಮೇನಲ್ಲಿ ಕಾಲೇಜುಗಳಿಗೆ ರಜೆ, ಶಿಬಿರ ಇಲ್ಲ. ಮಳೆಗಾಲದಲ್ಲಿ ಡೆಂಗಿ ಬಂದರೆ ಪ್ಲೇಟ್‌ಲೆಟ್‌ಗೆ ಪರದಾಟ. ಆದ್ದರಿಂದ ನಿಮ್ಮ ಗುಂಪಿನಲ್ಲಿ ಯಾರ ರಕ್ತದ ಗುಂಪು ಯಾವುದು, ಕೊನೆಯ ಸಲ ಕೊಟ್ಟಿದ್ದು ಯಾವಾಗ ಎಂಬ ಒಂದು ಪಟ್ಟಿ ಇರಲಿ. ರಕ್ತ ನಿಧಿಯವರಿಗೆ ನಂಬರ್ ಕೊಟ್ಟು, "ಬೇಕಾದಾಗ ಕರೀರಿ, ಒಮ್ಮೆಗೆ ಇಬ್ಬರು ಬರ್ತೀವಿ" ಎನ್ನಿ.

ವಾಟ್ಸಾಪ್‌ನಲ್ಲಿ "ತುರ್ತಾಗಿ ಬಿ ನೆಗೆಟಿವ್ ಬೇಕು" ಅಂತ ಬಂದರೆ, ಮುಂದೆ ಕಳಿಸುವ ಮೊದಲು ಆ ನಂಬರಿಗೆ ಒಂದು ಫೋನ್ ಮಾಡಿ. ತಾರೀಖು ಇರುವುದಿಲ್ಲ. ಎಷ್ಟೋ ಸಲ ರೋಗಿ ಮನೆಗೆ ಹೋಗಿ ವರ್ಷವಾಗಿರುತ್ತದೆ, ಸಂದೇಶ ಇನ್ನೂ ತಿರುಗುತ್ತಿರುತ್ತದೆ.

ಹೆಜ್ಜೆ 7: ಮದುವೆ ಊಟ ಉಳಿದಾಗ

ಕಲ್ಯಾಣ ಮಂಟಪದಿಂದ ಫೋನ್ ಬರುವುದು ಮಧ್ಯಾಹ್ನ ನಾಲ್ಕಕ್ಕೆ. "ನೂರು ಮಂದೀದ ಊಟ ಉಳದೈತ್ರಿ, ಒಯ್ತೀರೇನು?" ಮೊದಲು ಕೇಳಬೇಕಾದದ್ದು: ಒಲೆಯಿಂದ ಇಳಿಸಿದ್ದು ಎಷ್ಟೊತ್ತಿಗೆ? ಬೇಯಿಸಿದ ಅಡುಗೆ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲ 5 ಡಿಗ್ರಿಗಿಂತ ತಂಪು ಇರಬೇಕು. ನಡುವೆ ಎರಡು ತಾಸು ದಾಟಿದರೆ ಒಯ್ಯಬೇಡಿ. ಮೇ ತಿಂಗಳ ಗದಗಿನ ಬಿಸಿಲಲ್ಲಿ ಎರಡು ತಾಸೂ ಜಾಸ್ತಿಯೇ. ಮೊಸರನ್ನ, ಹಾಲು ಹಾಕಿದ ಸಿಹಿ, ಕೊಬ್ಬರಿ ಚಟ್ನಿ ಮುಟ್ಟಲೇ ಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬುಂದಿ ಲಾಡು ಧೈರ್ಯವಾಗಿ ಒಯ್ಯಿರಿ. ಎಲೆಗೆ ಬಡಿಸಿ ಉಳಿದದ್ದು ಯಾವುದೂ ಬೇಡ.

ಹೋಗುವಾಗ ನಿಮ್ಮದೇ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. ಒಯ್ಯುವ ಜಾಗಕ್ಕೆ ಮೊದಲೇ ಫೋನ್ ಮಾಡಿ, ಅವರ ಅಡುಗೆ ಆಗಿಬಿಟ್ಟಿದ್ದರೆ ನೀವು ಹೋಗಿ ಮಾಡುವುದೇನು? ತಲುಪಿದ ಮೇಲೆ ಮೊದಲ ತುತ್ತು ನೀವು ಉಣ್ಣಿ. ಅನುಮಾನ ಬಂದರೆ ಚೆಲ್ಲಿ. ನಾನು ಒಮ್ಮೆ ಒಂದು ಹಂಡೆ ಗೋಧಿ ಹುಗ್ಗಿ ಚೆಲ್ಲಿದೆ. ಬೀಗರು ಮುಖ ಸಿಂಡರಿಸಿದರು, ಕೆಟ್ಟ ಅನ್ನಿಸಿತು. ಆದರೆ ಹುಳಿ ವಾಸನೆ ಬಂದದ್ದು ಖರೆ.

ಹೆಜ್ಜೆ 8: ಹೊಳೆ ಬಂದಾಗ

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿತ್ತು. ಹಾವೇರಿ ಕಡೆ ವರದಾ ಹಾಗೆಯೇ ಬಂದಿತ್ತು. ಎಲ್ಲ ಊರುಗಳಿಂದ ಟೆಂಪೋ ತುಂಬಿ ಹಳೇ ಬಟ್ಟೆ ಬಂದವು. ಒದ್ದೆ ನೆಲದಲ್ಲಿ ರಾಶಿ ಬಿದ್ದ ಬಟ್ಟೆ ಮೂರು ದಿನದಲ್ಲಿ ಮುಗ್ಗು ವಾಸನೆ ಹೊಡೆಯುತ್ತದೆ. ಸಂತ್ರಸ್ತರು ಅಂದ ಮಾತ್ರಕ್ಕೆ ಹರಿದ ಜಾಕೀಟು ಉಡಬೇಕೇ?

ಕೇಳಿದಾಗ ಹೆಣ್ಣುಮಕ್ಕಳು ಹೇಳುವುದು ಬೇರೆ: ಹೊಸ ಒಳ ಉಡುಪು, ಪ್ಯಾಡ್, ಬಕೆಟ್, ಕೊಡ, ಚಾಪೆ, ಟಾರ್ಚ್. ಗಂಡಸರು ಕೇಳುವುದು ದನಕ್ಕೆ ಕಣಕಿ. ನೀರು ಇಳಿದ ಮೇಲೆ ಬೇಕಾಗುವುದು ಸಲಿಕೆ, ಬುಟ್ಟಿ, ಬ್ಲೀಚಿಂಗ್ ಪುಡಿ, ಮನೆಯ ಕೆಸರು ಎತ್ತಲು ಎರಡು ಕೈ. ಆಮೇಲೆ ಇನ್ನೊಂದು ಕೆಲಸ ಶುರುವಾಗುತ್ತದೆ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಹೊಲದ ಉತಾರ ಎಲ್ಲ ನೀರಲ್ಲಿ ಹೋಗಿರುತ್ತವೆ. ಅರ್ಜಿ ತುಂಬಿ, ಪರಿಹಾರದ ಪಟ್ಟಿಯಲ್ಲಿ ಹೆಸರು ನೋಡಿ, ನಾಡಕಚೇರಿಗೆ ಜೊತೆಗೆ ಬರುವವರು ಬೇಕು. ಆ ಹೊತ್ತಿಗೆ ಟೆಂಪೋಗಳು ತಿರುಗಿ ಹೋಗಿರುತ್ತವೆ. ನೀವು ಹೋಗಬೇಕಾದದ್ದು ಆಗ.

ಹೆಜ್ಜೆ 9: ದುಡ್ಡು ಕೊಡುವಾಗ

ರಸೀದಿ ಇಲ್ಲದೆ ಕೊಡಬೇಡಿ. ವ್ಯಕ್ತಿಯ ಫೋನ್‌ಪೇ ನಂಬರಿಗೆ ಬೇಡ, ಸಂಸ್ಥೆಯ ಖಾತೆಗೆ ಹಾಕಿ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಇರುವವರಿಗೆ ದಾನದ ಮೇಲೆ ತೆರಿಗೆ ವಿನಾಯಿತಿ (80ಜಿ ಎಂದು ಕರೆಯುವುದು) ಇದೆ. 2,000 ರೂಪಾಯಿ ದಾಟಿದ ನಗದು ದಾನಕ್ಕೆ ಅದು ಸಿಗುವುದಿಲ್ಲ, ವಸ್ತು ಕೊಟ್ಟರೂ ಇಲ್ಲ. ಶಾಲೆಗೆ ಕೊಡುವುದಾದರೆ ಅಂಗಡಿಯವರಿಗೆ ನೀವೇ ಬಿಲ್ ಕಟ್ಟಿ, ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆಸಿ.

ಹೆಸರು ಬರೆಸುವ ವಿಷಯ. ನಮ್ಮ ಓಣಿಯ ಗುಡಿಯಲ್ಲಿ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು, ಅವರ ಅಪ್ಪನ ಹೆಸರು, ಅಂಗಡಿಯ ಹೆಸರು ಬರೆದೂ ಬರೆದೂ ಈಗ ಬೆಳಕೇ ಅರ್ಧ ಆಗಿದೆ. ಪೂಜಾರರು ಮಂಗಳಾರತಿಯ ಬೆಳಕಲ್ಲೇ ಚಿಲ್ಲರೆ ಎಣಿಸುತ್ತಾರೆ.

ಫೋಟೋದ್ದೂ ಅದೇ ಮಾತು. ಕೊಡುವ ಕೈ, ತೆಗೆದುಕೊಳ್ಳುವ ಮುಖ ಒಂದೇ ಚಿತ್ರದಲ್ಲಿ ಬೇಡ. ದಾನಿಗಳಿಗೆ ಲೆಕ್ಕ ತೋರಿಸಬೇಕೆಂದರೆ ಸಾಮಾನಿನ ಫೋಟೋ, ಬಿಲ್ಲಿನ ಫೋಟೋ ಸಾಕು.

ಹೆಜ್ಜೆ 10: ಗುಂಪು ಕಟ್ಟಿ, ಪಾಳಿ ಹಚ್ಚಿ

ಒಬ್ಬರೇ ಮಾಡಿದರೆ ಮೂರನೇ ತಿಂಗಳಿಗೆ ದಣಿಯುತ್ತೀರಿ. ಐದಾರು ಮಂದಿ ಸಾಕು. ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸುವವರನ್ನು ತೆಗೆಯಿರಿ, ಇಲ್ಲದಿದ್ದರೆ ಕೆಲಸದ ಮಾತು ಯಾರಿಗೂ ಕಾಣುವುದಿಲ್ಲ. ಹೊಲದಲ್ಲಿ ಮುಯ್ಯಾಳು ಮಾಡುತ್ತಾರಲ್ಲ, ಹಾಗೆ. ಈ ವಾರ ನಿನ್ನ ಬದಲು ನಾನು, ಮುಂದಿನ ತಿಂಗಳು ನನ್ನ ಬದಲು ನೀನು. ಬರಲು ಆಗದಿದ್ದರೆ ಹಿಂದಿನ ದಿನವೇ ಹೇಳುವುದು. ಒಂದು ನೂರು ಪುಟದ ನೋಟ್‌ಬುಕ್ ಇಡಿ: ತಾರೀಖು, ಯಾರು ಬಂದರು, ಏನಾಯಿತು, ಮುಂದಿನ ಸಲ ಏನು ಬೇಕು.

ನಮ್ಮ ಆರು ಮಂದಿ ಈಗ ಆಸ್ಪತ್ರೆಯಲ್ಲಿ ಮಂಗಳವಾರ, ಗುರುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಿಲ್ಲುತ್ತೇವೆ. ಒಳಗಿನವರ ಅನುಮತಿ ಇದೆ, ಕೊರಳಲ್ಲಿ ಗುರುತಿನ ಚೀಟಿ ಇದೆ. ಚೀಟಿ ಓದಿ ಹೇಳುತ್ತೇವೆ. ಎಕ್ಸ್‌ರೇ ಎಲ್ಲಿ, ಔಷಧ ಎಲ್ಲಿ ಅಂತ ಕರೆದುಕೊಂಡು ಹೋಗುತ್ತೇವೆ. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ರೇಷನ್ ಕಾರ್ಡ್ ಹಿರೇಕೆರೂರಿನ ಮನೆಯ ಗೋಡೆಗೆ ನೇತಾಡುವ ಚೀಲದಲ್ಲಿ ಇರುತ್ತದೆ. ಮನೆಯವರಿಗೆ ಫೋನ್ ಮಾಡಿ ಅದರ ಫೋಟೋ ತರಿಸುವುದು, ಅಸಲು ಕಾರ್ಡ್ ಯಾರ ಕೈಲಿ ಯಾವ ಬಸ್ಸಿಗೆ ಬರುತ್ತದೆ ಅಂತ ಗಟ್ಟಿ ಮಾಡುವುದೂ ನಮ್ಮ ಕೆಲಸ. ಔಷಧದ ಸಲಹೆ ಮಾತ್ರ ಯಾರಿಗೂ ಕೊಡುವುದಿಲ್ಲ. "ಇದು ಸಕ್ಕರಿ ಗುಳಗಿ ಹೌದಲ್ರಿ?" ಅಂತ ಕೇಳಿದರೂ ನರ್ಸಕ್ಕನ ಹತ್ತಿರವೇ ಕರೆದೊಯ್ಯುತ್ತೇವೆ.

ಬಿಡುವುದನ್ನೂ ಸರಿಯಾಗಿ ಬಿಡಿ. ವರ್ಗ ಆಗಬಹುದು, ಮಗು ಹುಟ್ಟಬಹುದು, ಸಾಕು ಅನ್ನಿಸಬಹುದು. ತಿಂಗಳು ಮೊದಲೇ ಹೇಳಿ, ಹೊಸಬರನ್ನು ಎರಡು ಸಲ ಜೊತೆಗೆ ಕರೆದುಕೊಂಡು ಹೋಗಿ, ನೋಟ್‌ಬುಕ್ ಕೊಡಿ. ನಾನು ಬರುವ ತಿಂಗಳು ಮಗಳ ಬಾಣಂತನಕ್ಕೆ ಮೂರು ತಿಂಗಳು ರಾಣೆಬೆನ್ನೂರಿಗೆ ಹೋಗಬೇಕು. ನನ್ನ ಮಂಗಳವಾರ ಹೊಲಿಗೆ ಮಶಿನ್‌ನ ಗೆಳೆಯ ನೋಡಿಕೊಳ್ಳುತ್ತಾನೆ. ಅವನ ಗುರುವಾರಕ್ಕೆ ಇನ್ನೂ ಒಬ್ಬರು ಬೇಕು.